ಅರ್ಕಾವತ್ತು ಜಾರಿದ ಬೇಸಿಗೆ

ಖೂಬಾ ಪ್ಲಾಟ್ ಬಡಾವಣೆಯ ಒಂದು ಮನೆಯ ಮೇಲಂತಸ್ತಿನಲ್ಲಿ ನಮ್ಮ ಬ್ರೈಲ್ ಮುದ್ರಣ ಘಟಕವಿದೆ. ಎರಡು ಕೋಣೆ, ಒಂದು ಮುದ್ರಣ ಯಂತ್ರ, ಒಂದು ಹಳೆಯ ಕಂಪ್ಯೂಟರ್. ದಪ್ಪ ಕಾಗದದ ಮೇಲೆ ಚುಕ್ಕಿಗಳನ್ನು ಉಬ್ಬಿಸುವಾಗ ಯಂತ್ರ ಗೋಡೆಗೆ ಮೊಳೆ ಹೊಡೆದಂತೆ ಸದ್ದು ಮಾಡುತ್ತದೆ. ಹಾಗಾಗಿ ಕೆಳಗಿನ ಮನೆಯ ಅಮ್ಮ ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ನಾವು ಅದನ್ನು ಮುಟ್ಟುವುದಿಲ್ಲ. ಕಂಪ್ಯೂಟರ್ ಮತ್ತು ಅದರೊಳಗಿನ ಪ್ರೋಗ್ರಾಂಗಳು ನನ್ನ ಪಾಲಿನ ಕೆಲಸ. ಕಾಗದ ತರಿಸುವುದು, ಪುಸ್ತಕ ಕಳಿಸುವುದು, ಬಂದವರೊಡನೆ ಮಾತಾಡುವುದು ಸಂಯೋಜಕರದು. ರೋಜಾ ಬಡಾವಣೆಯ ಕಡೆಯಿಂದ ದಿನಾ ಸ್ಕೂಟರಿನಲ್ಲಿ ಬರುವ ಅವರು ಬ್ಯಾಂಕಿನಿಂದ ನಿವೃತ್ತರಾದವರು.

ಆ ಮೇ ತಿಂಗಳ ಮೊದಲ ವಾರದಲ್ಲಿ ಕಮಲಾಪುರದಿಂದ ಒಬ್ಬ ಶಿಕ್ಷಕಿ ಬಂದರು. ಹುಟ್ಟಿನಿಂದಲೇ ಕಣ್ಣು ಕಾಣದವರು. ಅಲ್ಲಿನ ಪ್ರೌಢಶಾಲೆಯಲ್ಲಿ, ಕಣ್ಣು ಕಾಣುವ ಮಕ್ಕಳಿಗೇ, ಸಮಾಜ ವಿಜ್ಞಾನ ಕಲಿಸುತ್ತಾರೆ. ಹಿಂದಿನ ವರ್ಷ ಒಂಬತ್ತನೇ ತರಗತಿಯ ಪುಸ್ತಕವನ್ನು ನಾವೇ ಬ್ರೈಲ್ ಮಾಡಿಕೊಟ್ಟಿದ್ದೆವು. ಈ ಸಲ ಅವರಿಗೆ ಮೊದಲ ಬಾರಿ ಹತ್ತನೇ ತರಗತಿ ಸಿಗುವುದರಲ್ಲಿತ್ತು. ಪುಸ್ತಕ ಪರಿಷ್ಕರಣೆಯಾಗಿತ್ತು. ಹತ್ತನೇ ತರಗತಿಯ ಹಳೆಯ ಬ್ರೈಲ್ ಪ್ರತಿ ಎಲ್ಲಾದರೂ ಸಿಕ್ಕರೂ ಉಪಯೋಗಕ್ಕೆ ಬರುವಂತಿರಲಿಲ್ಲ.

"ಫೋನ್ ಓದಿ ಹೇಳ್ತದಲ್ರಿ ಟೀಚರ್?" ಎಂದು ಸಂಯೋಜಕರು ಕೇಳಿದರು.

"ಹೇಳ್ತದ್ರಿ. ಆದ್ರ ಕಿವ್ಯಾಗ ಅದು ಮಾತಾಡ್ಕೋತ, ಬಾಯಾಗ ನಾ ಮಾತಾಡ್ಕೋತ ಪಾಠ ಹ್ಯಾಂಗ ಮಾಡ್ಲಿ? ಬೆರಳಿನಾಗ ಪುಸ್ತಕ ಬೇಕ್ರಿ ನನಗ." ಹಾಗೇ ಸೇರಿಸಿದರು: "ಶಾಲಿ ಸುರು ಆಗೋದ್ರಾಗ ಪುಸ್ತಕ ಬರಲಿಲ್ಲಂದ್ರ ಹತ್ತನೇ ಕ್ಲಾಸ್ ಬ್ಯಾರೆಯವ್ರಿಗಿ ಕೊಡ್ತಾರಂತ. ನಮ್ಮ ಹೆಡ್ ಮಾಸ್ತರ್ರು ನನ್ನ ಒಳ್ಳೇದಕ್ಕೇ ಹೇಳ್ತಾರ. ಆದ್ರ ಒಮ್ಮಿ ಹೋದ ಕ್ಲಾಸ್ ಮತ್ತ ನನ್ನ ಕಡಿ ಬರಂಗಿಲ್ರಿ."

ಅವರಿಗೆ ಇನ್ನೊಂದೂ ಬೇಕಿತ್ತು: ನಕಾಶೆಗಳು. ಬೆರಳಿಗೆ ತಾಗುವಂಥ ನದಿ, ಗಡಿ, ಕರಾವಳಿ. ಇದುವರೆಗೆ ನಮಗೆ ಅದು ಸಾಧ್ಯವಿರಲಿಲ್ಲ. ಆದರೆ ಚಿತ್ರಗಳನ್ನು ಚುಕ್ಕಿಗಳಾಗಿ ಬದಲಿಸುವ ಹೊಸ ಪ್ರೋಗ್ರಾಂ ಒಂದು ನಮಗೆ ಉಚಿತವಾಗಿ ಸಿಕ್ಕಿತ್ತು. "ಕೊಡ್ತೀವ್ರಿ, ನಕಾಶೆ ಸಮೇತ ಕೊಡ್ತೀವಿ" ಎಂದುಬಿಟ್ಟೆ.

ಆ ಮಾತಿನ ತೂಕ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಎರಡೂ ಪ್ರೋಗ್ರಾಂಗಳು ಪೈಥಾನ್ ಎಂಬ ಒಂದೇ ಕಂಪ್ಯೂಟರ್ ಭಾಷೆಯಲ್ಲಿ ಬರೆದವು. ಆದರೆ ಆವೃತ್ತಿ ಬೇರೆ. ಕನ್ನಡ ಪಠ್ಯವನ್ನು ಬ್ರೈಲ್‌ಗೆ ತಿರುಗಿಸುವ ಹಳೆಯ ಪ್ರೋಗ್ರಾಂ ಪೈಥಾನ್ ಎರಡರದು. ನಕಾಶೆಯದು ಪೈಥಾನ್ ಮೂರರದು, ಅದರಲ್ಲೂ ತೀರ ಹೊಸ ಆವೃತ್ತಿಯೇ ಬೇಕು ಎನ್ನುವಂಥದು. ಎರಡರಿಂದ ಮೂರಕ್ಕೆ ಹೋಗುವಾಗ ಆ ಭಾಷೆ ಎಷ್ಟು ಬದಲಾಯಿತೆಂದರೆ, ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಇವೆರಡರ ನಡುವೆ ಮೂರನೆಯದೂ ಇತ್ತು. ನಮ್ಮ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆ ತನ್ನ ಒಳಗಿನ ಕೆಲಸಗಳಿಗೆಂದೇ ಪೈಥಾನ್ ಮೂರರ ಹಳೆಯ ಆವೃತ್ತಿಯೊಂದನ್ನು ಇಟ್ಟುಕೊಂಡಿತ್ತು.

ಬೇರೆ ಕಂಪ್ಯೂಟರ್ ತಂದರೆ ಮುಗಿಯುತ್ತಿತ್ತಲ್ಲ ಎಂದು ಯಾರಿಗಾದರೂ ಅನಿಸಬಹುದು. ಮುದ್ರಣ ಯಂತ್ರದ ಅಗಲವಾದ ಕೇಬಲ್ ಸೇರುವ ಕಿಂಡಿ ಈಗಿನ ಕಂಪ್ಯೂಟರುಗಳಿಗೆ ಇರುವುದೇ ಇಲ್ಲ. ನಡುವೆ ಹಾಕುವ ಅಡಾಪ್ಟರನ್ನು ಸಂಯೋಜಕರು ಹಿಂದೊಮ್ಮೆ ತಂದು ನೋಡಿದ್ದರು. ಯಂತ್ರ ಅರ್ಧ ಹಾಳೆ ಹೊಡೆದು ನಿಂತಿತ್ತು. ಏನು ಮಾಡಿದರೂ ಈ ಒಂದು ಕಂಪ್ಯೂಟರಿನಲ್ಲೇ ಮಾಡಬೇಕಿತ್ತು.

ಹೊಸ ಆವೃತ್ತಿಯನ್ನು ಹಾಕಿದೆ. ಅಲ್ಲಿಯವರೆಗೆ ಸರಿ ಇತ್ತು. ಆಮೇಲೆ ಅವಸರ ಮಾಡಿದೆ. ಬರೀ 'ಪೈಥಾನ್ ಮೂರು' ಎಂದು ಕರೆದರೆ ಯಾವ ಆವೃತ್ತಿ ಓಗೊಡಬೇಕು ಎಂಬುದನ್ನು ಹೇಳುವ ಒಂದು ಕೊಂಡಿ ವ್ಯವಸ್ಥೆಯೊಳಗೆ ಇರುತ್ತದೆ. ಅದನ್ನು ಹೊಸದರ ಕಡೆಗೆ ತಿರುಗಿಸಿದೆ. ನಕಾಶೆಯ ಪ್ರೋಗ್ರಾಂ ಚಂದವಾಗಿ ತೆರೆದುಕೊಂಡಿತು. ಖುಷಿಯಿಂದ ಚಹಾ ಕುಡಿದು ಬಂದು ಆಜ್ಞೆ ಬರೆಯುವ ಕಿಟಕಿ ಒತ್ತಿದರೆ ಅದು ತೆರೆಯಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ತಂತ್ರಾಂಶ ತರಿಸುವ ಸಾಧನವೂ ಏಳಲಿಲ್ಲ. ವ್ಯವಸ್ಥೆಯ ಸ್ವಂತ ಸಾಧನಗಳೆಲ್ಲ ತಮ್ಮ ಹಳೆಯ ಆವೃತ್ತಿಯನ್ನು ಆ ಕೊಂಡಿಯ ಮೂಲಕವೇ ಹುಡುಕುತ್ತಿದ್ದವು. ನಾನು ಅವುಗಳ ಕಾಲಡಿಯ ಜಮಖಾನೆಯನ್ನೇ ಎಳೆದುಬಿಟ್ಟಿದ್ದೆ.

"ಯಾನ್ ಮೇಡಂ, ಬಂದ್ ಬಿತ್ತೇನ್ರಿ?" ಎಂದರು ಸಂಯೋಜಕರು, ನನ್ನ ಮುಖ ನೋಡಿ.

"ಬಂದ್ ಬಿದ್ದಿಲ್ಲ ಸರ್. ಬಾಗಿಲಾ ಒಳಗಿಂದ ಚಿಲಕಾ ಹಾಕ್ಕೊಂಡದ."

ಅಂಥ ಹೊತ್ತಿಗೆಂದು ಲಿನಕ್ಸ್‌ನಲ್ಲಿ ಹಿತ್ತಲ ಬಾಗಿಲು ಒಂದಿದೆ. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರಗಳೆಲ್ಲ ಮಾಯವಾಗಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಷ್ಟೇ ಬರುತ್ತವೆ. ಅಲ್ಲಿ ಕೂತು, ಒಂದೊಂದು ಅಕ್ಷರವನ್ನೂ ಎರಡು ಸಲ ನೋಡಿ, ಕೊಂಡಿಯನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಿದೆ. ಕಂಪ್ಯೂಟರ್ ಮತ್ತೆ ಸರಿಯಾಗಿ ಎದ್ದಾಗ ಬೆನ್ನು ಪೂರ್ತಿ ಬೆವತಿತ್ತು. ಕೂಲರ್ ನಡೆಯುತ್ತಲೇ ಇತ್ತು.

ಇಷ್ಟಾದ ಮೇಲೆ ನನಗೆ ಹೊಳೆದ ದಾರಿಯೆಂದರೆ, ಹಳೆಯ ಪ್ರೋಗ್ರಾಮನ್ನೇ ಹೊಸ ಆವೃತ್ತಿಗೆ ಬದಲಿಸಿಬಿಡುವುದು. ಹೇಗೂ ಪೈಥಾನ್ ಎರಡನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ. ಒಮ್ಮೆ ಕಷ್ಟಪಟ್ಟರೆ ಮುಂದೆ ಒಂದೇ ಆವೃತ್ತಿ, ಒಂದೇ ಚಿಂತೆ. ಹಳತನ್ನು ಹೊಸದಕ್ಕೆ ತಿರುಗಿಸುವ ಸಾಧನವೊಂದಿದೆ, ಅದನ್ನು ಓಡಿಸಿದೆ. ಉಳಿದ ತಪ್ಪುಗಳನ್ನು ಕೈಯಿಂದ ತಿದ್ದಿದೆ. ಭಾಗಾಕಾರ ಮಾಡಿದಾಗ ಪೈಥಾನ್ ಎರಡು ಪೂರ್ಣಾಂಕವನ್ನಷ್ಟೇ ಕೊಡುತ್ತಿತ್ತು, ಮೂರು ದಶಾಂಶವನ್ನೂ ಕೊಡುತ್ತದೆ. ಅದರಿಂದ ಪುಟಸಂಖ್ಯೆಗಳು ವಿಚಿತ್ರವಾಗಿ ಬರುತ್ತಿದ್ದವು. ಅದನ್ನೂ ಸರಿಪಡಿಸಿದೆ. ಕೊನೆಗೆ ಮೊದಲ ಅಧ್ಯಾಯ ಒಂದೂ ದೂರಿಲ್ಲದೆ ಮುದ್ರಣವಾಯಿತು. ಸಮಾಧಾನದಿಂದ ಪೈಥಾನ್ ಎರಡನ್ನು ಕಂಪ್ಯೂಟರಿನಿಂದಲೇ ತೆಗೆದುಹಾಕಿದೆ.

ಮರುದಿನ ಅಧ್ಯಾಯವನ್ನು ಚೀಲದಲ್ಲಿಟ್ಟುಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ ಹತ್ತಿದೆ. ಫೋನಿನಲ್ಲಿ ಹೇಳಿದ್ದರಿಂದ ಟೀಚರ್ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಕಾಯುತ್ತಿದ್ದರು. ರಜೆಯಾದರೂ ಹೆಡ್ ಮಾಸ್ತರರು ದಾಖಲಾತಿ ಕೆಲಸಕ್ಕೆ ಬಂದಿದ್ದರು.

ಟೀಚರ್ ಎರಡೂ ಕೈಗಳನ್ನು ಹಾಳೆಯ ಮೇಲಿಟ್ಟರು. ಎಡಗೈ ಸಾಲಿನ ಆರಂಭ ಹಿಡಿದುಕೊಂಡಿತು, ಬಲಗೈ ಓಡತೊಡಗಿತು. ನಾನು ನೀರು ಕುಡಿಯುತ್ತ ನೋಡುತ್ತಿದ್ದೆ. ಬೆರಳು ಒಂದು ಕಡೆ ನಿಂತಿತು. ಹಿಂದೆ ಹೋಗಿ ಮತ್ತೆ ಅಲ್ಲೇ ಬಂತು.

"ಮೇಡಂ, ನಾವು ಯಾವ ರಾಜ್ಯದಾಗ ಇದ್ದೀವ್ರಿ?"

"ಯಾಕ್ರಿ ಟೀಚರ್?"

"ಇದ್ರಾಗ 'ಕನಾರ್ಟಕ' ಅಂತ ಅದ."

ಅವರು ನಕ್ಕರು. ನಾನೂ ನಕ್ಕೆ. ಆದರೆ ಅವರ ಬೆರಳು ಮುಂದೆ ಹೋದಂತೆ ನಗು ಉಳಿಯಲಿಲ್ಲ. ಸರ್ಕಾರ 'ಸಕಾರ್ರ' ಆಗಿತ್ತು. ಆರ್ಥಿಕ 'ಆಥಿರ್ಕ' ಆಗಿತ್ತು. ಬ್ರೈಲ್‌ನಲ್ಲಿ ಅರ್ಕಾವತ್ತು ಎಂಬ ಬೇರೆ ಗುರುತಿಲ್ಲ. ಅಕ್ಷರಗಳು ನಾವು ಉಚ್ಚರಿಸುವ ಕ್ರಮದಲ್ಲೇ ಒಂದರ ಹಿಂದೊಂದು ಬರಬೇಕು. ಆದರೆ ನಮಗೆ ಸಿಕ್ಕ ಪಠ್ಯ ಹಳೆಯ ಕಾಲದ ಕನ್ನಡ ಫಾಂಟಿನಲ್ಲಿತ್ತು. ಅದರಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ. ಅದನ್ನು ಎತ್ತಿ ಅಕ್ಷರಕ್ಕಿಂತ ಮೊದಲು ಇಡುವುದು ಪ್ರೋಗ್ರಾಮಿನ ಕೆಲಸ.

"'ವರ್ಷ' ಬರೋಬ್ಬರಿ ಅದ, 'ಧರ್ಮ' ಬರೋಬ್ಬರಿ ಅದ. ದೀರ್ಘ, ಗುಡಿಸು ಹತ್ತಿದಲ್ಲೆಲ್ಲ ರಕಾರ ತನ್ನ ಜಾಗಾ ಬಿಟ್ಟದ್ರಿ" ಎಂದರು ಟೀಚರ್. "ಹೋದ ವರ್ಷದ ಪುಸ್ತಕದಾಗ ಹಿಂಗಿದ್ದಿಲ್ಲ. ಗೊತ್ತಿದ್ದ ಶಬ್ದ ಇದ್ರ ಅಂದಾಜಿನ ಮ್ಯಾಲ ಓದ್ತೀನಿ. ಹೊಸಾ ಊರು, ಹೊಸಾ ಹೆಸರು ಬಂದ್ರ ಯಾನ್ ಮಾಡ್ಲಿ? ತಪ್ಪೇ ಕಲಿಸಿಬಿಡ್ತೀನಲ್ರಿ."

ಹೆಡ್ ಮಾಸ್ತರರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. "ಟೀಚರ್, ನಿಮಗ ತಕಲೀಫ್ ಕೊಡಬೇಕಂತ ಅಲ್ರಿ. ಆದ್ರ ಟೈಮ್ ಟೇಬಲ್ ಹಾಕ್ಲೇಬೇಕು ನಾ. ಹತ್ತನೇದು ಅಂದ್ರ ಪರೀಕ್ಷಾ ಕ್ಲಾಸ್. ಶಾಲಿ ಸುರು ಆಗೋ ದಿನ ಪುಸ್ತಕ ನಿಮ್ಮ ಟೇಬಲ್ ಮ್ಯಾಲ ಇದ್ರ ಕ್ಲಾಸ್ ನಿಮ್ದೇ."

"ಇರ್ತದ್ರಿ ಸರ್," ಎಂದರು ಟೀಚರ್, ನನ್ನ ಕಡೆ ಮುಖ ತಿರುಗಿಸದೆ. ಅವರು ತಿರುಗಿಸಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಅಲ್ಲಿಂದ ಬಂದವಳು ದಿನಗಟ್ಟಲೆ ಆ ಪ್ರೋಗ್ರಾಮಿನೊಡನೆ ಗುದ್ದಾಡಿದೆ. ಅದರ ಹೊಟ್ಟೆಯೊಳಗೆ ನೂರಾರು ನಿಯಮಗಳಿದ್ದವು: ಈ ಸಂಕೇತ ಕಂಡರೆ ಈ ಅಕ್ಷರ, ಈ ಜೋಡಿ ಕಂಡರೆ ಜಾಗ ಬದಲಿಸು. ಒಂದು ನಿಯಮ ತಿದ್ದಿದೆ, ಕರ್ನಾಟಕ ಸರಿಯಾಯಿತು. ಆದರೆ 'ಸ್ವಾತಂತ್ರ್ಯ' ಒಡೆದುಹೋಯಿತು. ಅದನ್ನು ಕಟ್ಟಿದೆ, 'ರಾಷ್ಟ್ರ' ಹಾಳಾಯಿತು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಸ್ವಾತಂತ್ರ್ಯ, ರಾಷ್ಟ್ರ ಇಲ್ಲದ ಪುಟವೇ ಇಲ್ಲ. ಹಳೆಯ ಪ್ರೋಗ್ರಾಮಿನ ಪ್ರತಿ ನನ್ನಲ್ಲಿತ್ತು. ಸಾಲಿಗೆ ಸಾಲು ಹೋಲಿಸಿದೆ. ನಿಯಮಗಳೆಲ್ಲ ಅವೇ. ಒಂದೂ ಬಿಟ್ಟುಹೋಗಿರಲಿಲ್ಲ. ಹಾಗಿದ್ದರೂ ಫಲಿತಾಂಶ ಬೇರೆ.

"ಬರ್ದವ್ರನ್ನೇ ಕೇಳ್ರಿ ಮೇಡಂ," ಎಂದರು ಸಂಯೋಜಕರು. "ಇಲ್ಲೇ ಸೂಪರ್ ಮಾರ್ಕೆಟ್ ಬಜಾರದಾಗ ಹರ್ ಏಕ್ ದಿನ್ ಸಿಗ್ತಾರ."

ಆ ಪ್ರೋಗ್ರಾಂ ಬರೆದವರು ಎಂಜಿನಿಯರಿಂಗ್ ಓದಿ, ನಮ್ಮ ಘಟಕದಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಮನೆಯ ಸೀರೆ ಅಂಗಡಿ ನೋಡಿಕೊಳ್ಳಲು ಹೋದವರು. ಮದುವೆಯ ಕಾಲ. ಅಂಗಡಿಯ ಮುಂದೆ ಆಟೋಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಒಳಗೆ ಗಾದಿಯ ಮೇಲೆ ಸೀರೆಗಳ ರಾಶಿ. ಒಂದು ಕುಟುಂಬಕ್ಕೆ ಸೀರೆ ಬಿಚ್ಚಿ ತೋರಿಸುತ್ತಲೇ ಅವರು ನನ್ನ ಮಾತು ಕೇಳಿಸಿಕೊಂಡರು.

"ಅಯ್ಯ, ಅದಿನ್ನಾ ಓಡ್ಲಾಕತ್ತದೇನ್ರಿ?" ಅವರ ಮುಖ ಅರಳಿತು. "ನಾ ಬಿಟ್ಟು ಬಂದ ಮ್ಯಾಲ ತೆಗೆದು ಒಗದಿರಬೇಕು ಅಂದ್ಕೊಂಡಿದ್ದೆ."

"ಅದ್ರ ಮ್ಯಾಲೇ ನಡದದ್ರಿ ಎಲ್ಲಾ. ಆ ಅರ್ಕಾವತ್ತು ಹ್ಯಾಂಗ ಸರಿ ಮಾಡಿದ್ರಿ ಹೇಳ್ರಿ. ನಿಯಮ ಅವೇ ಅವ, ಹೊಸಾ ಪೈಥಾನ್‌ದಾಗ ಉಲ್ಟಾ ಬರ್ಲಾಕತ್ತದ."

ಅವರು ಕೈಯಲ್ಲಿದ್ದ ಸೀರೆಯ ಸೆರಗನ್ನು ಹಾಗೇ ಹಿಡಿದುಕೊಂಡು ಯೋಚಿಸಿದರು.

"ಖರೇ ಹೇಳ್ಲೇನ್ರಿ? ನನಗ ನೆನಪಿಲ್ಲ. ನೆನಪು ಹೋಗ್ಲಿ, ಆವಾಗೂ ಪೂರಾ ತಿಳಿದಿದ್ದಿಲ್ಲ. ಇದು ಮುಂದ, ಅದು ಹಿಂದ ಮಾಡ್ಕೋತ ಹೋದೆ. ಒಂದಿನ ಬರೋಬ್ಬರಿ ಬಂತು. ಬಂದ ಕೂಡ್ಲೆ ಕೈ ಬಿಟ್ಟೆ." ನಂತರ ದನಿ ತಗ್ಗಿಸಿ, "ನಡೀಲಾಕತ್ತದಲ್ರಿ? ಅದನ್ನ ಮುಟ್ಟಬ್ಯಾಡ್ರಿ" ಎಂದರು.

ಹೊರಗೆ ಬಂದು ಆ ಬಿಸಿಲಿನಲ್ಲಿ ನಿಂತಾಗ ಅಳು ಬರಬೇಕಿತ್ತು. ಬದಲಿಗೆ ಮನಸ್ಸು ಹಗುರಾಗಿತ್ತು. ಬರೆದವರಿಗೇ ತಿಳಿಯದ ಗುಟ್ಟನ್ನು ಶಾಲೆ ತೆರೆಯುವುದರೊಳಗೆ ನಾನು ಬಿಡಿಸಲೇಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ. ಟೀಚರ್‌ಗೆ ಬೇಕಾಗಿದ್ದದ್ದು ಪುಸ್ತಕ. ಒಂದೇ ಆವೃತ್ತಿ ಇರಬೇಕೆಂಬುದು ನನ್ನ ಹಟವಾಗಿತ್ತು, ಅವರದಲ್ಲ. ಹಳೆಯ ಪ್ರೋಗ್ರಾಂ ಹಳೆಯ ಪೈಥಾನಿನಲ್ಲೇ ಇರಲಿ. ಹೊಸದು ಹೊಸದರಲ್ಲಿ. ವ್ಯವಸ್ಥೆಯದನ್ನು ಇನ್ನು ಮುಟ್ಟುವುದಿಲ್ಲ. ಮೂರೂ ಒಂದೇ ಮನೆಯಲ್ಲಿ, ಬೇರೆ ಬೇರೆ ಒಲೆ ಹೂಡಿಕೊಂಡು ಇರಲಿ ಎಂದು ಅಲ್ಲೇ ನಿರ್ಧರಿಸಿದೆ.

ಈ ಸಲ ನಿಧಾನವಾಗಿ ಮಾಡಿದೆ. ನನ್ನದೇ ಬಳಕೆಯ ಜಾಗದಲ್ಲಿ ಎರಡು ಫೋಲ್ಡರ್ ಮಾಡಿಕೊಂಡೆ. ತೆಗೆದುಹಾಕಿದ್ದ ಪೈಥಾನ್ ಎರಡನ್ನು ಅದರ ಮೂಲ ಕಡತಗಳಿಂದ ಹೊಸದಾಗಿ ಕಟ್ಟಿ ಒಂದರಲ್ಲಿ ಇಟ್ಟೆ. ಮೊದಲ ಸಲ ಕಟ್ಟಿದಾಗ ಅದಕ್ಕೆ ಬೇಕಾದ ಒಂದೆರಡು ಭಾಗ ಕಂಪ್ಯೂಟರಿನಲ್ಲಿ ಇರದೆ ಅರೆಬರೆಯಾಯಿತು. ಅವನ್ನು ಹಾಕಿ ಮತ್ತೆ ಕಟ್ಟಿದೆ. ಆಮೇಲೆ ಮುದ್ರಣ ಯಂತ್ರದೊಡನೆ ಮಾತಾಡುವ ಲೈಬ್ರರಿ, ಎಂದರೆ ಸಿದ್ಧ ಪ್ರೋಗ್ರಾಂ ತುಣುಕುಗಳ ಒಂದು ಕಟ್ಟು, ಬೇಕಾಯಿತು. ಲೈಬ್ರರಿ ತರಿಸಿಕೊಡುವ ಸಾಧನದ ಈಗಿನ ಆವೃತ್ತಿ ಪೈಥಾನ್ ಎರಡನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತದೆ. ಹಾಗಾಗಿ ಆ ಸಾಧನದ್ದೂ ಹಳೆಯ ಆವೃತ್ತಿ ಹುಡುಕಿ ತಂದೆ. ನಕಾಶೆಯ ಹೊಸ ಪೈಥಾನ್ ಇನ್ನೊಂದು ಫೋಲ್ಡರಿಗೆ ಹೋಯಿತು, ತನ್ನ ಲೈಬ್ರರಿಗಳ ಸಮೇತ. ಕೊಂಡಿಗಳನ್ನು ನೆಚ್ಚಿಕೊಳ್ಳಲಿಲ್ಲ. ತನಗೆ ಬೇಕಾದ ಪೈಥಾನ್ ಎಲ್ಲಿದೆ ಎಂಬ ಪೂರ್ತಿ ವಿಳಾಸವನ್ನು ಪ್ರತಿ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬರೆದೆ. ಪರದೆಯ ಮೇಲೆ ಎರಡು ಗುಂಡಿ ಇಟ್ಟೆ: ಒಂದು 'ಪಠ್ಯ', ಇನ್ನೊಂದು 'ನಕಾಶೆ'. ಒತ್ತುವವರಿಗೆ ಹಿಂದಿನ ರಾಮಾಯಣ ತಿಳಿಯಬೇಕಿಲ್ಲ.

ಮುದ್ರಿಸುವ ಮೊದಲು ಒಂದು ಪರೀಕ್ಷೆ ಬಾಕಿಯಿತ್ತು. ಹಿಂದಿನ ವರ್ಷದ ಒಂಬತ್ತನೇ ತರಗತಿಯ ಮೂಲ ಪಠ್ಯವೂ ಅದರ ಬ್ರೈಲ್ ಕಡತವೂ ನಮ್ಮಲ್ಲಿ ಉಳಿದಿದ್ದವು. ಅದೇ ಪಠ್ಯವನ್ನು ಈಗ ಮತ್ತೊಮ್ಮೆ ತಿರುಗಿಸಿ, ಎರಡು ಕಡತಗಳನ್ನು ಹೋಲಿಸುವಂತೆ ಕಂಪ್ಯೂಟರಿಗೆ ಹೇಳಿದೆ. ವ್ಯತ್ಯಾಸವಿದ್ದರೆ ಆ ಸಾಲುಗಳನ್ನು ಅದು ತೋರಿಸುತ್ತದೆ. ಇಲ್ಲದಿದ್ದರೆ ಸುಮ್ಮನೆ ಮುಂದಿನ ಆಜ್ಞೆಗೆ ಕಾಯುತ್ತದೆ. ಒತ್ತಿದೆ. ಏನೂ ಬರಲಿಲ್ಲ. ಓಡಿಲ್ಲವೇನೋ ಎಂದು ಮತ್ತೊಮ್ಮೆ ಒತ್ತಿದೆ. ಆಗಲೂ ಏನೂ ಬರಲಿಲ್ಲ. ಆ ಖಾಲಿ ಸಾಲನ್ನು ನೋಡುತ್ತ ಕುರ್ಚಿಗೆ ಒರಗಿದೆ.

"ಆಯ್ತೇನ್ರಿ?" ಸಂಯೋಜಕರು ಕೇಳಿದರು.

"ಆಯ್ತು ಸರ್."

"ದೇವ್ರ ಶುಕರ್ ಅದ," ಎಂದವರು ಕಾಗದದ ಪೆಟ್ಟಿಗೆ ಬಿಚ್ಚಲು ಎದ್ದೇಬಿಟ್ಟರು.

ಉಳಿದಿದ್ದ ಸಮಯ ಕಡಿಮೆ. ಬೆಳಿಗ್ಗೆ, ಸಂಜೆ ಮಾತ್ರ ಮುದ್ರಿಸಿದರೆ ಮುಗಿಯುವಂತಿರಲಿಲ್ಲ. ಅದರಲ್ಲಿ ಕರೆಂಟಿನ ಆಟ ಬೇರೆ. ಸಂಯೋಜಕರು ಕೆಳಗಿಳಿದು ಮನೆಯ ಅಮ್ಮನಿಗೆ ವಿಷಯ ಹೇಳಿದರು. ಮೇಲೆ ನಿಂತಿದ್ದ ನನಗೆ ಅಮ್ಮನ ದನಿಯೇ ಕೇಳಿತು: "ಕಣ್ಣಿಲ್ಲದಾಕಿ ಹತ್ತನೇ ಕ್ಲಾಸ್ ಕಲಿಸ್ತಾಳಂತಂದ್ರ ನಾ ನಿದ್ದಿ ಬಿಡಲಾರೆನೇನ್ರಿ? ಹೊಡೀರಿ, ಹೊಡೀರಿ." ಯಂತ್ರ ಮಧ್ಯಾಹ್ನವೂ ಹೊಡೆಯಿತು. ಪಠ್ಯದ ನಡುವೆ ನಕಾಶೆ ಬಂದಾಗ ಒಂದು ಗುಂಡಿ ಬಿಟ್ಟು ಇನ್ನೊಂದನ್ನು ಒತ್ತುತ್ತಿದ್ದೆ. ಪಕ್ಕಪಕ್ಕದಲ್ಲಿದ್ದ ಎರಡು ಆವೃತ್ತಿಗಳೂ ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕಲಿಲ್ಲ. ಭೀಮಾ, ಕೃಷ್ಣಾ, ತುಂಗಭದ್ರೆಯರು ಹಾಳೆಯ ಮೇಲೆ ಚುಕ್ಕಿಗಳಾಗಿ ಎದ್ದುಬಂದಾಗ, ಕಣ್ಣು ಮುಚ್ಚಿಕೊಂಡು ನಾನೂ ಒಮ್ಮೆ ಬೆರಳಾಡಿಸಿದೆ.

ಆ ದಿನಗಳಲ್ಲೇ, ಯಂತ್ರ ಹೊಡೆಯುತ್ತಿರುವಾಗ ಸುಮ್ಮನೆ ಕೂತು ಪ್ರೋಗ್ರಾಂ ಓದುತ್ತಿದ್ದವಳಿಗೆ ಕಾರಣವೂ ಸಿಕ್ಕಿತು. ನಿಯಮಗಳನ್ನು ಇಟ್ಟಿದ್ದ ಕೋಷ್ಟಕದಿಂದ ಪೈಥಾನ್ ಎರಡು ಅವನ್ನು ತನ್ನದೇ ಒಂದು ಕ್ರಮದಲ್ಲಿ ಎತ್ತಿಕೊಳ್ಳುತ್ತಿತ್ತು. ಹೊಸ ಪೈಥಾನ್ ಬರೆದ ಕ್ರಮದಲ್ಲೇ ಎತ್ತಿಕೊಳ್ಳುತ್ತದೆ. ಸ್ವರಚಿಹ್ನೆಯ ನಿಯಮ ಮೊದಲೋ ಅರ್ಕಾವತ್ತಿನ ನಿಯಮ ಮೊದಲೋ ಎಂಬುದರ ಮೇಲೆಯೇ ಎಲ್ಲ ನಿಂತಿತ್ತು. ಸೀರೆ ಅಂಗಡಿಯವರು ಅಂದು ಹಿಂದುಮುಂದು ಮಾಡುತ್ತ ಮಾಡುತ್ತ ಮುಟ್ಟಿದ್ದು ಆ ಹಳೆಯ ಕ್ರಮಕ್ಕೆ ಸರಿಯಾಗಿ ಹೊಂದಿಕೊಂಡಿತ್ತು, ಅಷ್ಟೇ. ಆಗಲೇ ತಿದ್ದಲು ಕೈ ತುರಿಸಿತು. ತಿದ್ದಲಿಲ್ಲ. ಮಳೆಗಾಲದಲ್ಲಿ ಬಿಡುವಾದಾಗ ನೋಡೋಣವೆಂದು ಎದ್ದು ಹಾಳೆ ಜೋಡಿಸಿದೆ.

ಶಾಲೆ ತೆರೆಯುವ ದಿನ ನಾನೂ ಸಂಯೋಜಕರೂ ಸುರುಳಿ ಬೈಂಡಿಂಗ್ ಮಾಡಿಸಿದ ಸಂಪುಟಗಳನ್ನು ಹೊತ್ತು ಕಮಲಾಪುರಕ್ಕೆ ಹೋದೆವು. ಬ್ರೈಲ್ ಪುಸ್ತಕ ದಪ್ಪ. ಒಂದು ಪಠ್ಯಪುಸ್ತಕಕ್ಕೆ ಕಪಾಟಿನ ಒಂದು ಅರೆಯಷ್ಟು ಜಾಗ ಬೇಕು. ಟೇಬಲ್ಲಿನ ಮೇಲೆ ಅವನ್ನು ಪೇರಿಸಿದಾಗ ಹೆಡ್ ಮಾಸ್ತರರು, "ಇಷ್ಟೂ ಒಂದೇ ಪುಸ್ತಕೇನ್ರಿ!" ಎಂದು ಸುತ್ತ ಒಂದು ಸಲ ಬಂದರು. ಟೀಚರ್ ಮೇಲಿನ ಸಂಪುಟ ತೆರೆದು ಅಲ್ಲೊಂದು ಇಲ್ಲೊಂದು ಪುಟ ಓದಿದರು, ನಕಾಶೆಯೊಂದರ ಮೇಲೆ ಅಂಗೈಯನ್ನೇ ಹರವಿದರು, ಆಮೇಲೆ ಮುಚ್ಚಿದರು. ಗಂಟೆ ಹೊಡೆಯಿತು. "ನಡೀರಿ ಟೀಚರ್, ನಿಮ್ಮ ಕ್ಲಾಸ್" ಎಂದರು ಹೆಡ್ ಮಾಸ್ತರರು.

ನಾನು ತರಗತಿಯ ಹೊರಗೆ, ಕಿಟಕಿಯ ಪಕ್ಕ ನಿಂತೆ. ಟೀಚರ್ ಸಂಪುಟವನ್ನು ಎದೆಗೆ ಒರಗಿಸಿಕೊಂಡು ಬೆರಳಾಡಿಸುತ್ತ ಓದುತ್ತಿದ್ದರು, ವಿವರಿಸುತ್ತಿದ್ದರು, ಮತ್ತೆ ಓದುತ್ತಿದ್ದರು. ಮಾತಿಗೂ ಬೆರಳಿಗೂ ನಡುವೆ ಎಲ್ಲೂ ಸಂದು ಕಾಣಲಿಲ್ಲ. ಇದ್ದಕ್ಕಿದ್ದಂತೆ ದನಿ ನಿಂತಿತು. ಬೆರಳೂ ನಿಂತಿತು. ಯಾವ ಶಬ್ದ ಕೆಟ್ಟಿತೋ, ಯಾವ ನಿಯಮ ತಪ್ಪಿತೋ ಎಂದು ಹೆದರಿದೆ. ಕಿಟಕಿಯ ಸರಳನ್ನು ಹಿಡಿದುಕೊಂಡೆ.

"ಹಿಂದಿನ ಬೆಂಚಿನಾಗ ಯಾರದದು ಮಾತು?" ಎಂದರು ಟೀಚರ್. "ನಂದು ಮುಂದಿನ ಸಾಲು ಓದಿ ಆಗ್ಯದ. ನಿಮ್ದು ಮುಗೀಲಿ ಅಂತ ನಿಂತೀನಿ."

ಮಕ್ಕಳು ಗೊಳ್ಳೆಂದು ನಕ್ಕರು. ನಾನು ಸರಳು ಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕುಳಿತುಕೊಂಡೆ. ಒಳಗೆ ಪಾಠ ಮುಂದುವರಿಯಿತು.